ಅಜ್ಜಿ ಬೇಡವೆಂದ ಸೋಲೋ

ಹೋದ ತಿಂಗಳು ಬಳ್ಳಾರಿ ರಸ್ತೆಯ ಪಕ್ಕದ ಕಲ್ಯಾಣ ಮಂಟಪವೊಂದರಲ್ಲಿ ನಮ್ಮ ನೆಂಟರ ಮದುವೆ. ಊಟ ಮೂರನೇ ಮಹಡಿಯಲ್ಲಿ. ನನ್ನ ಪಕ್ಕದ ಎಲೆಗೆ ಕೂತವಳು ತಮ್ಮನ ಮಗಳು ಮೇಘನಾ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅತ್ತೆ, ಮುಂದಿನ ತಿಂಗಳು ಗೋಕರ್ಣಕ್ಕೆ ಸೋಲೋ ಹೋಗ್ತಿದೀನಿ" ಅಂದಳು. ಒಬ್ಬರೇ ಪ್ರವಾಸ ಹೋಗುವುದಕ್ಕೆ ಈಗಿನವರು ಹಾಗೆ ಹೇಳುತ್ತಾರಂತೆ. ಬೇರೆ ಯಾವ ಅತ್ತೆಯಾದರೂ ಯಾವ ಬಸ್ಸು, ಎಲ್ಲಿ ಉಳಿಯುತ್ತೀ ಎಂದು ವಿಚಾರಿಸುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ಕಿಟಕಿಯಾಚೆ, ಮೇಲ್ಸೇತುವೆಯ ಆ ಕಡೆ, ಹಳೆಯ ಏರೋಡ್ರಂ ಕಾಣುತ್ತಿತ್ತು. ಪುಟ್ಟ ವಿಮಾನವೊಂದು ಆಗಷ್ಟೇ ನೆಲ ಬಿಟ್ಟಿತ್ತು.

"ಯಾಕತ್ತೆ ನಗ್ತೀರಾ?"

"ಆ ಪದ ಒಂದು ಕಾಲದಲ್ಲಿ ನಮ್ಮನೇಲಿ ಆಡೋ ಹಾಗೇ ಇರ್ಲಿಲ್ಲ ಕಣೇ."

ಅಷ್ಟರಲ್ಲಿ ಪಾಯಸ ಬಂತು, ಅದರ ಹಿಂದೆಯೇ ಮುಂದಿನ ಪಂಕ್ತಿಯವರು ಬಂದು ನಮ್ಮ ಕುರ್ಚಿಗಳ ಬೆನ್ನಿಗೆ ನಿಂತರು. ಹೇಳುವುದು ಅಲ್ಲಿಗೇ ನಿಂತಿತು. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹೆಬ್ಬಾಳ ದಾಟಿದರೆ ಊರು ಮುಗಿದ ಹಾಗೆ. ಅಲ್ಲಿಂದಾಚೆ ದ್ರಾಕ್ಷಿ ತೋಟ, ರಾಗಿ ಹೊಲ, ಸೀಬೆ ಮರ. ಈಗ ಸಹಕಾರನಗರ ಎಂದು ಮನೆಗಳು ಒತ್ತಿಕೊಂಡಿರುವ ಕಡೆ ಆಗ ಕುರಿ ಮೇಯುತ್ತಿದ್ದವು. ಬೊಂಬಾಯಿ, ದೆಹಲಿಗೆ ಹೋಗುವ ದೊಡ್ಡ ವಿಮಾನಗಳು ಊರಿನ ಇನ್ನೊಂದು ತುದಿಯಲ್ಲಿ ಇಳಿಯುತ್ತಿದ್ದವು. ಸೇನೆಯ ವಿಮಾನಗಳು ಯಲಹಂಕದಲ್ಲಿ. ಇವೆರಡರ ನಡುವೆ ನಮ್ಮದು ಮಹಾರಾಜರ ಕಾಲದ ಒಂದು ಮೈದಾನ. ಒಂದು ರನ್‌ವೇ, ವಿಮಾನ ನಿಲ್ಲಿಸಲು ತಗಡಿನ ದೊಡ್ಡ ಹ್ಯಾಂಗರ್, ಗಿಡ್ಡನೆಯ ಒಂದು ಗೋಪುರ, ಗಾಳಿ ಎತ್ತ ಬೀಸುತ್ತಿದೆ ಎಂದು ತೋರಿಸುವ ಬಟ್ಟೆಯ ಚೀಲ ಕಟ್ಟಿದ ಕಂಬ. ಅಷ್ಟಕ್ಕೇ ವಿಮಾನ ನಿಲ್ದಾಣ ಎಂಬ ಹೆಸರು. ಅಲ್ಲಿ ನಡೆಯುತ್ತಿದ್ದದ್ದು ವಿಮಾನ ಹಾರಿಸುವುದನ್ನು ಕಲಿಸುವ ಶಾಲೆ.

ಯಲಹಂಕ ಬಸ್ಸಿನ ಕಂಡಕ್ಟರು "ಏರೋಡ್ರಂ ಯಾರ್ರೀ, ಏರೋಡ್ರಂ" ಎಂದು ಕೂಗಿದರೆ ಇಳಿಯುತ್ತಿದ್ದವರು ನಾನು, ಒಬ್ಬಿಬ್ಬರು ಮೆಕ್ಯಾನಿಕ್ಕುಗಳು, ಖಾಲಿ ಕ್ಯಾನು ಹಿಡಿದ ಹಾಲಿನವರು. ಒಮ್ಮೊಮ್ಮೆ ಯಾರೋ ಪಾಪ, ಬೊಂಬಾಯಿ ವಿಮಾನ ಹತ್ತಲೆಂದು ಸೂಟ್‌ಕೇಸು ಸಮೇತ ಇಲ್ಲೇ ಇಳಿದುಬಿಡುತ್ತಿದ್ದರು. ಅವರಿಗೆ ನೀರು ಕೊಟ್ಟು, ಸಮಾಧಾನ ಹೇಳಿ, ಎದುರು ಬಸ್ಸು ಹತ್ತಿಸಿ ಕಳಿಸುವುದು ಹ್ಯಾಂಗರಿನ ಆಳು ಮುನಿಯಪ್ಪನ ಕೆಲಸವಾಗಿತ್ತು. ಈ ಮೈದಾನವನ್ನೇ ಸರ್ಕಾರ ದೊಡ್ಡ ನಿಲ್ದಾಣ ಮಾಡುತ್ತದಂತೆ ಎಂಬ ಸುದ್ದಿ ಆಗಾಗ ಏಳುತ್ತಿತ್ತು. ಎದ್ದಷ್ಟೇ ಬೇಗ ಮಲಗುತ್ತಿತ್ತು.

ನಾನು ಅಲ್ಲಿಗೆ ಸೇರಿದ್ದು ಅಪ್ಪನ ಹುಚ್ಚಿನಿಂದ. ಸರ್ಕಾರಿ ಕಚೇರಿಯ ಗುಮಾಸ್ತರಾಗಿದ್ದ ಅವರಿಗೆ ಯಂತ್ರಗಳೆಂದರೆ ಪ್ರಾಣ. ಹುಡುಗಿಯರಿಗೂ ಸರ್ಕಾರದ ಸಹಾಯದಲ್ಲಿ ಹಾರಾಟ ಕಲಿಸುತ್ತಾರೆ ಎಂದು ಪತ್ರಿಕೆಯಲ್ಲಿ ಓದಿ, ನನ್ನನ್ನು ಕೇಳದೆ ಅರ್ಜಿ ಹಾಕಿದರು. ಮೊದಲು ಹೆದರಿದೆ, ಆಮೇಲೆ ನನಗೇ ಆ ಹುಚ್ಚು ಹಿಡಿಯಿತು. ವಾರಕ್ಕೆ ಮೂರು ಬೆಳಿಗ್ಗೆ ಆರ್.ಟಿ. ನಗರದ ನಮ್ಮ ಮನೆಯಿಂದ ಬಳ್ಳಾರಿ ರಸ್ತೆಗೆ ನಡೆದು ಬಂದು ಬಸ್ಸು ಹಿಡಿಯುತ್ತಿದ್ದೆ. ಉಳಿದ ದಿನ ಕಾಲೇಜು.

ಕಲಿಸುವವರು ಗಿಲ್ ಸಾಹೇಬರು. ಸೇನೆಯಿಂದ ನಿವೃತ್ತರಾಗಿ ಯಲಹಂಕದಲ್ಲೇ ಮನೆ ಮಾಡಿದ್ದ ಸರ್ದಾರ್ಜಿ. ನಮ್ಮೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರೂ, ಬೇಕು, ಬೇಡ, ಎಷ್ಟು, ಜಾಸ್ತಿ ಆಯ್ತು ಎಂಬಿಷ್ಟು ಕನ್ನಡವನ್ನು ಸಂತೆಯಲ್ಲಿ ತರಕಾರಿ ಕೊಳ್ಳುತ್ತಾ ಕಲಿತಿದ್ದರು. ಆ ಬಂಡವಾಳದ ಮೇಲೆ ತಮಗೆ ಕನ್ನಡ ಬರುತ್ತದೆ ಎಂದು ಅವರಿಗೆ ಬಲವಾದ ನಂಬಿಕೆ. ಯಾರಾದರೂ ನಡುವೆ ಬಂದು ಅರ್ಥ ಹೇಳಲು ಹೋದರೆ ಸಿಟ್ಟಾಗುತ್ತಿದ್ದರು.

ಆ ವರ್ಷ ದೀಪಾವಳಿ ಕಳೆಯುತ್ತಲೇ ಅಪ್ಪನಿಗೆ ಗುಲ್ಬರ್ಗಕ್ಕೆ ವರ್ಗವಾಯಿತು. ಅವರು ಮೊದಲು ಹೋಗಿ ಕೆಲಸಕ್ಕೆ ಸೇರುವುದು, ಮನೆ ನೋಡುವುದು, ಸಂಕ್ರಾಂತಿಗೆ ಬಂದು ಎಲ್ಲರನ್ನೂ ಕರೆದೊಯ್ಯುವುದು ಎಂದಾಯಿತು. ನನ್ನ ಹಾರಾಟದ ಗತಿ? ಹೊರಡುವ ಮೊದಲು ಅಪ್ಪ ನನ್ನನ್ನು ಕೂರಿಸಿಕೊಂಡು ಹೇಳಿದರು: "ನೋಡು ವಸು, ಹಬ್ಬದೊಳಗೆ ನಿಮ್ಮ ಮೇಷ್ಟ್ರು ನಿನ್ನ ಒಬ್ಬಳನ್ನೇ ವಿಮಾನದಲ್ಲಿ ಬಿಟ್ರೆ, ನೀನು ಅಜ್ಜಿ ಜೊತೆ ಇಲ್ಲೇ ಇದ್ದು ಕಲಿ. ಬಿಡ್ಲಿಲ್ವಾ, ಇದು ನಮಗಲ್ಲ ಅಂದ್ಕೊಂಡು ಗುಲ್ಬರ್ಗಕ್ಕೆ ಬಂದ್ಬಿಡು. ಆಮೇಲೆ ಅಳಬಾರದು." ಆಯಿತು ಎಂದೆ. ಅಷ್ಟು ದಿನ ಗಿಲ್ ಸಾಹೇಬರು ಪಕ್ಕದಲ್ಲೇ ಕೂತಿರುತ್ತಿದ್ದರು. ಅವರಿಲ್ಲದೆ ಒಬ್ಬಳೇ ಏರಿ, ಒಂದು ಸುತ್ತು ಹಾಕಿ ಇಳಿಸಬೇಕು. ಅದಕ್ಕೇ ಸೋಲೋ ಎಂದು ಹೆಸರು. ಆ ಹಂತ ದಾಟಿದವಳು ಮಾತ್ರ ನಿಜವಾಗಿ ಹಾರುವವಳು.

ಇನ್ನು ನನ್ನ ಅಜ್ಜಿ. ಅಪ್ಪನ ತಾಯಿ. ಅವಳ ಬಾಯಿಂದ ಕೆಟ್ಟ ಮಾತು ಒಂದೂ ಬರುತ್ತಿರಲಿಲ್ಲ. ಕೆಟ್ಟ ಮಾತು ಎಂದರೆ ಬೈಗುಳವಲ್ಲ, ಬೈಗುಳ ಬೇಕಾದಷ್ಟು ಬರುತ್ತಿತ್ತು. ಅಶುಭದ ಮಾತು. ಅಕ್ಕಿ ಮುಗಿದರೆ "ಅಕ್ಕಿ ಹೆಚ್ಚಿದೆ" ಅನ್ನಬೇಕು. ದೀಪ ಆರಿಸುವುದಿಲ್ಲ, "ದೊಡ್ಡದು ಮಾಡು" ಅನ್ನಬೇಕು. ಹೊರಡುವಾಗ "ಹೋಗ್ತೀನಿ" ಅಂದವರನ್ನು ಬಾಗಿಲಿಂದ ವಾಪಸು ಕರೆದು "ಬರ್ತೀನಿ" ಅನ್ನಿಸಿ ಕಳಿಸುತ್ತಿದ್ದಳು. ಪೋಸ್ಟ್‌ಮ್ಯಾನನ್ನೂ ಬಿಟ್ಟವಳಲ್ಲ. ನಾವು ಆಡುವ ಮಾತಿಗೆಲ್ಲ ಆಕಾಶದಲ್ಲಿ ಅಸ್ತು ದೇವತೆಗಳು ಅಸ್ತು ಅನ್ನುತ್ತಾ ಓಡಾಡುತ್ತಿರುತ್ತಾರೆ, ಯಾವಾಗ ಯಾವ ಮಾತು ಕಿವಿಗೆ ಬೀಳುತ್ತದೋ ಹೇಳಲಾಗದು ಎಂಬುದು ಅವಳ ಖಚಿತ ಅಭಿಪ್ರಾಯ.

ಅಂಥವಳ ಎದುರು ಒಂದು ಸಂಜೆ ನಾನು ಕುಣಿಯುತ್ತಾ ಬಂದು, "ಅಜ್ಜಿ, ಇನ್ನೇನು ನಂದು ಸೋಲೋ!" ಎಂದುಬಿಟ್ಟೆ.

ಅಜ್ಜಿ ಬಿಡಿಸುತ್ತಿದ್ದ ಅವರೆಕಾಯಿ ಅಲ್ಲೇ ಬಿಟ್ಟಳು. "ಏನೇ ಅದು? ಯಾರು ಸೋಲೋದು?"

"ಸೋಲೋದಲ್ಲ ಅಜ್ಜಿ, ಸೋಲೋ. ಇಂಗ್ಲಿಷು. ಒಬ್ಬಳೇ ಹಾರೋದು. ನಮ್ಮ ಸರ್ ಹೇಳಿದ್ರು, ನೆಕ್ಸ್ಟ್ ಸೋಲೋ, ವಸುಧಾ ಅಂತ."

"ಮುಖಕ್ಕೇ ಸೋಲೋ ಅಂದ್ನಾ? ಕಲಿಸೋ ಗುರು, ಬಾಯಲ್ಲಿ ಗೆಲ್ಲು ಅಂತ ಬರ್ಬಾರ್ದಾ? ಅದೂ ಎಲ್ಲಿ, ಆಕಾಶದಲ್ಲಿ. ಅಸ್ತು ದೇವತೆಗಳ ಕಿವಿ ಪಕ್ಕದಲ್ಲೇ!"

ಅಮ್ಮ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ಅಜ್ಜಿ ನಗಲಿಲ್ಲ. ಅಂದಿನಿಂದ ಮನೆಯಲ್ಲಿ ಆ ಪದ ಬಂದ್. ಆಡಲೇಬೇಕಾದರೆ "ಗೆಲ್ಲೋ" ಅನ್ನಬೇಕು. ಪಕ್ಕದ ಮನೆಯವರು ಕೇಳಿದರೆ ನಾನು ಗಂಭೀರವಾಗಿ "ಮುಂದಿನ ವಾರ ನನ್ನ ಗೆಲ್ಲೋ ಇರಬಹುದು" ಎನ್ನುತ್ತಿದ್ದೆ.

ಅಷ್ಟಕ್ಕೇ ಬಿಟ್ಟಿದ್ದರೆ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ನಾನು ಕಾಲೇಜಿಗೆ ಹೋದ ದಿನ ಅಜ್ಜಿ ಡಬ್ಬಿ ತುಂಬ ಚಕ್ಕುಲಿ ಹಾಕಿಕೊಂಡು, ಒಬ್ಬಳೇ ಯಲಹಂಕ ಬಸ್ಸು ಹತ್ತಿ, ಏರೋಡ್ರಮ್ಮಿನಲ್ಲಿ ಇಳಿದು, ಗಿಲ್ ಸಾಹೇಬರನ್ನು ಕಂಡು ಬಂದಳು. ಸಂಜೆ ನಾನು ಮನೆಗೆ ಬಂದಾಗ ಅವಳ ಮುಖದಲ್ಲಿ ಗೆಲುವು.

"ನಿಮ್ಮ ಮೇಷ್ಟ್ರಿಗೆ ಹೇಳಿ ಬಂದೆ ಕಣೇ. ನಮ್ಮ ಹುಡುಗೀಗೆ ಇನ್ಮೇಲೆ ಆ ಮಾತು ಆಡಬೇಡಿ ಅಂತ. ಒಳ್ಳೆ ಮನುಷ್ಯ. ಕೈ ಮುಗಿದ. ತಲೆ ಅಲ್ಲಾಡಿಸಿ ಆಯ್ತು ಅಂದ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮರುದಿನ ತಲೆ ತಗ್ಗಿಸಿಕೊಂಡೇ ಮೈದಾನಕ್ಕೆ ಹೋದೆ. ಗಿಲ್ ಸಾಹೇಬರು ಅಜ್ಜಿಯ ಸುದ್ದಿ ಎತ್ತಲಿಲ್ಲ. ಎಂದಿನಂತೆ ಹಾರಿಸಿದರು, ಇಳಿಸಿದರು, ತಪ್ಪು ತೋರಿಸಿದರು. ಸೋಲೋ ಎಂಬ ಪದವನ್ನು ಮಾತ್ರ ಆಡಲಿಲ್ಲ. ಮುದುಕಿಯ ಮಾತಿಗೆ ಎಷ್ಟು ಬೆಲೆ ಕೊಟ್ಟರಲ್ಲ ಎಂದು ನನ್ನ ಕಣ್ಣಲ್ಲಿ ಅವರು ಇನ್ನೂ ದೊಡ್ಡವರಾದರು.

ಧನುರ್ಮಾಸ ಬಂತು. ಹೆಬ್ಬಾಳ ಕೆರೆಯಿಂದ ಮಂಜು ಎದ್ದು ಬಂದು ಮೈದಾನವನ್ನು ಮುಚ್ಚುತ್ತಿತ್ತು. ರನ್‌ವೇ ಕಾಣುವವರೆಗೆ ನಾವು ಹ್ಯಾಂಗರಿನ ಬಾಗಿಲಲ್ಲಿ ಟೀ ಹಿಡಿದು ಕೂರುತ್ತಿದ್ದೆವು. ಎಲ್ಲಿಂದಲೋ ರಾಗಿ ಹುಲ್ಲಿನ ವಾಸನೆ, ಇಲ್ಲಿ ಪೆಟ್ರೋಲಿನ ವಾಸನೆ. ಮಂಜು ಹರಿದ ಮೇಲೆ ಮುನಿಯಪ್ಪ ಎರಡೂ ಕೈಯಿಂದ ವಿಮಾನದ ಮೂತಿಯ ಪಂಖ ಹಿಡಿದು ಜೀಕಿ ತಿರುಗಿಸಿದರೆ ಇಂಜಿನ್ನು ಕೆಮ್ಮಿ ಎದ್ದೇಳುತ್ತಿತ್ತು. ನನ್ನ ಕೈ ಪಳಗಿತ್ತು. ವಿಮಾನ ಇಳಿಯುವಾಗ ಚಕ್ರ ನೆಲಕ್ಕೆ ತಾಗಿದ್ದು ಗೊತ್ತಾಗದ ಹಾಗೆ ಇಳಿಸುತ್ತಿದ್ದೆ. ಆದರೂ ಪ್ರತಿ ಸಲ ಗಿಲ್ ಸಾಹೇಬರು ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದು ಕೂತೇ ಇರುತ್ತಿದ್ದರು. ನನಗಿಂತ ತಡವಾಗಿ ಸೇರಿದ್ದ ಪ್ರಕಾಶ ಎಂಬ ಹುಡುಗ ಒಬ್ಬನೇ ಹಾರಿ ಬಂದು ಎಲ್ಲರಿಗೂ ಪೇಡ ಹಂಚಿದ. ನನ್ನ ಪಾಲಿನ ಪೇಡವನ್ನು ಮುನಿಯಪ್ಪನಿಗೆ ಕೊಟ್ಟುಬಿಟ್ಟೆ. ನನ್ನಲ್ಲಿ ಏನೋ ಕೊರತೆ ಇದೆ, ಹೇಳಲು ಸಾಹೇಬರಿಗೆ ಸಂಕೋಚ ಎಂದುಕೊಂಡೆ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅಳುತ್ತಾ ಬಂದ ದಿನಗಳೂ ಉಂಟು. ಗುಲ್ಬರ್ಗದಿಂದ ಅಪ್ಪನ ಕಾಗದ ಬಂತು, ಮನೆ ಸಿಕ್ಕಿದೆ, ಬಾವಿ ಇದೆ, ಸಾಮಾನು ಕಟ್ಟಲು ಶುರುಮಾಡಿ ಎಂದು.

ಹಬ್ಬಕ್ಕೆ ವಾರವಿತ್ತು. ಆ ಬೆಳಿಗ್ಗೆ ಮಂಜು ಹರಿಯಲೇ ಇಲ್ಲ. ಟೀ ಕುಡಿಯುತ್ತಾ ಕೂತಿದ್ದ ಸಾಹೇಬರನ್ನು ಧೈರ್ಯ ಮಾಡಿ ಕೇಳಿಯೇಬಿಟ್ಟೆ, "ಸರ್, ನಾನು ಏನು ತಪ್ಪು ಮಾಡುತ್ತಿದ್ದೇನೆ?"

"ಏನೂ ಇಲ್ಲ" ಎಂದರು ಇಂಗ್ಲಿಷಿನಲ್ಲಿ. "ನಿನ್ನನ್ನು ಎಂದೋ ಬಿಡಬಹುದಿತ್ತು. ಆದರೆ ಮನೆಯ ಹಿರಿಯರು ಬೇಡ ಎಂದ ಮೇಲೆ ನಾನು ಹೇಗೆ ಬಿಡಲಿ?"

"ಯಾರು ಬೇಡ ಅಂದರು?"

"ನಿನ್ನ ಅಜ್ಜಿ. ಇಲ್ಲಿಗೇ ಬಂದು ಚಕ್ಕುಲಿ ಕೊಟ್ಟು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು." ಆಮೇಲೆ ತಮ್ಮ ಕನ್ನಡದಲ್ಲಿ, ಒಂದೊಂದೇ ಪದ ಒತ್ತಿ ಹೇಳಿದರು: "ಸೋಲೋ ಬೇಡ. ಸೋಲೋ ಬೇಡ."

ಅಜ್ಜಿ ಆಡಿದ ಅಷ್ಟು ಮಾತಿನಲ್ಲಿ ಅವರಿಗೆ ಗೊತ್ತಿದ್ದ ಪದಗಳು ಅವೆರಡೇ. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಕನ್ನಡದಲ್ಲಿ ಆ ಪದಕ್ಕೆ ಏನು ಅರ್ಥ ಎಂದು ಬಿಡಿಸಿ ಹೇಳಿದೆ. ಸಾಹೇಬರು ಗಡ್ಡ ಅಲ್ಲಾಡುವ ಹಾಗೆ ನಕ್ಕರು. ಆದರೆ ನಕ್ಕು ಮುಗಿಸಿ ತಲೆ ಅಡ್ಡ ಆಡಿಸಿದರು. "ಇದು ನೀನು ಹೇಳುವ ಅರ್ಥ. ನಿನಗೆ ಹಾರುವ ಆಸೆ, ಹೀಗೇ ಹೇಳುತ್ತೀ. ಬೇಡ ಎಂದದ್ದು ಅವರು, ಬೇಕು ಎಂದು ಅವರೇ ಬಂದು ಹೇಳಲಿ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಅವರ ಮುಖ ನೋಡಬೇಕಾದವನು ನಾನು."

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಅಜ್ಜಿಯ ಮೇಲೆ ಹರಿಹಾಯ್ದೆ. ಅವಳು ಮೊದಲು ನಂಬಲೇ ಇಲ್ಲ. "ನಾನೆಲ್ಲಿ ಬೇಡ ಅಂದೆ? ಸೋಲೋ ಅನ್ಬೇಡಿ, ಆ ಸೋಲೋ ನಮಗೆ ಬೇಡ ಅಂದೆ ಅಷ್ಟೇ" ಅಂದಳು. ಹೇಳುತ್ತಾ ಹೇಳುತ್ತಾ ಅವಳಿಗೇ ಗೊತ್ತಾಯಿತು.

"ಈಗ ಹೋಗಿ ಸೋಲೋ ಬೇಕು ಅಂತ ಹೇಳು" ಎಂದೆ.

"ಹೇಗೆ ಹೇಳ್ಲೇ? ನನ್ನ ಮೊಮ್ಮಗಳಿಗೆ ಸೋಲು ಬೇಕು ಅಂತ ನನ್ನ ಬಾಯಾರೆ ಬೇಡ್ಕೊಳ್ಲಾ? ಬೇರೆ ಏನು ಬೇಕಾದ್ರೂ ಹೇಳ್ತೀನಿ."

"ಹಾಗಾದ್ರೆ ನಾನು ಗುಲ್ಬರ್ಗಕ್ಕೆ ಹೋಗ್ತೀನಿ" ಎಂದೆ, ಬೇಕೆಂದೇ "ಹೋಗ್ತೀನಿ" ಎಂದು ಒತ್ತಿ. ಅಜ್ಜಿ ಅದನ್ನು ತಿದ್ದಲಿಲ್ಲ. ನಾನಿಲ್ಲದಿದ್ದರೆ ಅವಳೂ ಈ ಮನೆ ಬಿಟ್ಟು ಗುಲ್ಬರ್ಗಕ್ಕೆ ಬರಬೇಕಿತ್ತು, ಅದು ಅವಳಿಗೆ ಸುತರಾಂ ಬೇಡವಾಗಿತ್ತು. ಅಷ್ಟಿದ್ದೂ ಆ ಎರಡು ಪದ ಅವಳ ನಾಲಿಗೆಯ ಮೇಲೆ ಬರಲೊಲ್ಲವು. ಎರಡು ದಿನ ನಾವು ಮಾತು ಬಿಟ್ಟೆವು. ಅಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ ಸದ್ದೊಂದೇ ಮನೆಯಲ್ಲಿ.

ಮೂರನೇ ಬೆಳಿಗ್ಗೆ ನಾನು ಹೊರಟಾಗ ಅಜ್ಜಿ ಮಡಿಸಿಟ್ಟಿದ್ದ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಡಿ" ಅಂದಳು.

ಅಂದು ಮಂಜು ಬೇಗ ಹರಿದಿತ್ತು. ವಿಮಾನ ಹ್ಯಾಂಗರಿನ ಮುಂದೆ ನಿಂತಿತ್ತು, ಪಕ್ಕದಲ್ಲಿ ಸಾಹೇಬರು. ಅಜ್ಜಿ ಅವರಿಗೆ ಕೈ ಮುಗಿದು ಶುರುಮಾಡಿದಳು. "ಸ್ವಾಮಿ, ನಮ್ಮ ಹುಡುಗಿ ಒಬ್ಬಳೇ ಹಾರ್ಲಿ."

ಸಾಹೇಬರು ಕಣ್ಣು ಕಿರಿದು ಮಾಡಿದರು. ಹಾರಲಿ ಎಂಬುದು ತರಕಾರಿ ಸಂತೆಯ ಪದವಲ್ಲ.

"ಗೆಲ್ಲೋ ಬೇಕು" ಅಂದಳು ಅಜ್ಜಿ.

"ಗೆಲ್ಲೋ?" ಅಂದರು ಸಾಹೇಬರು.

ಮುನಿಯಪ್ಪ ಕೈ ಒರೆಸಿಕೊಳ್ಳುತ್ತಾ ಬಂದ. "ನಾನು ಏಳ್ತೀನಿ ಬುಡಿ ಸಾಯೇಬ್ರಿಗೆ. ಅಜ್ಜಮ್ಮಾರು ಇಂಗಂತಾವ್ರೆ ಅಂತ" ಎಂದ. ಸಾಹೇಬರು ಅವನತ್ತ ಕೈಯೆತ್ತಿ, "ಬೇಡ ಬೇಡ. ನನಗೆ ಕನ್ನಡ ಬರುತ್ತೆ" ಎಂದುಬಿಟ್ಟರು. ಇನ್ನು ದಾರಿ ಉಳಿಯಲಿಲ್ಲ. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಆ ಗಳಿಗೆಯಲ್ಲಿ ಇಳಿದುಹೋಯಿತು. ಬಿಡು ಅಜ್ಜಿ, ವಾಪಸು ಹೋಗೋಣ ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಅವಳು ಸಾಹೇಬರಿಂದ ಮುಖ ತಿರುಗಿಸಿ ನೇರವಾಗಿ ವಿಮಾನದ ಎದುರಿಗೆ ಹೋಗಿ ನಿಂತಳು. ಮನೆಯ ಪುಂಡ ಹುಡುಗನನ್ನು ಗದರಿಸುವವಳಂತೆ ಬೆರಳು ಎತ್ತಿ, ಅದರ ಮೂತಿಗೆ ಹೇಳಿದಳು:

"ಲೋ! ನಮ್ಮ ಹುಡುಗಿಗೆ ಸೋಲೋ! ಇವಳ ಕೈಗೆ ನೀನು ಸೋಲೋ! ನೀನು ಸೋಲೋದೇ ನಮಗೆ ಬೇಕು!"

ಸಾಹೇಬರಿಗೆ ಬೇಕಾದ ಎರಡೂ ಪದ ಸಿಕ್ಕವು. "ಸೋಲೋ ಬೇಕು?" ಎಂದು ಕೇಳಿದರು. "ಬೇಕು" ಎಂದಳು ಅಜ್ಜಿ, ವಿಮಾನದಿಂದ ಕಣ್ಣು ಕೀಳದೆ. ಮುನಿಯಪ್ಪ ಟೋಪಿ ತೆಗೆದು ಬಾಯಿಗೆ ಅಡ್ಡ ಹಿಡಿದುಕೊಂಡ.

ಸಾಹೇಬರು ಮೊದಲು ನನ್ನ ಜೊತೆ ಒಂದು ಸುತ್ತು ಬಂದರು. ಇಳಿದ ಮೇಲೆ ಇಂಜಿನ್ನು ನಿಲ್ಲಿಸಲು ಬಿಡದೆ, ತಾವು ಕೆಳಗಿಳಿದು, ಖಾಲಿ ಸೀಟಿನ ಬೆಲ್ಟು ಬಿಗಿದು, ಬಾಗಿಲು ಹಾಕಿದರು. "ಒಂದು ಸುತ್ತು. ಇಳಿ. ಬಾ" ಎಂದರು. ಗೋಪುರದಿಂದ ಹಸಿರು ದೀಪ ಬಂತು.

ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಹೆದರಲು ಸಮಯವಿರಲಿಲ್ಲ. ಒಬ್ಬರ ಭಾರ ಕಡಿಮೆಯಾಗಿದ್ದಕ್ಕೆ ವಿಮಾನ ನಾನು ಎಣಿಸಿದ್ದಕ್ಕಿಂತ ಮೊದಲೇ ನೆಲ ಬಿಟ್ಟಿತು. ಕೆಳಗೆ ಬಳ್ಳಾರಿ ರಸ್ತೆ, ಅದರ ಮೇಲೆ ಒಂದು ಎತ್ತಿನ ಗಾಡಿ, ದ್ರಾಕ್ಷಿ ಚಪ್ಪರಗಳ ಸಾಲು, ದೂರದಲ್ಲಿ ಇನ್ನೂ ಮಂಜು ಹೊದ್ದಿದ್ದ ಹೆಬ್ಬಾಳ ಕೆರೆ. ಅಭ್ಯಾಸಬಲದಿಂದ ಪಕ್ಕಕ್ಕೆ ನೋಡಿದೆ. ಸೀಟು ಖಾಲಿ. ಜೋರಾಗಿ ನಕ್ಕೆ, ಕೇಳುವವರು ಯಾರೂ ಇರಲಿಲ್ಲ. ಇಷ್ಟು ದೊಡ್ಡ ಆಕಾಶದಲ್ಲಿ ನಾನೊಬ್ಬಳೇ ಎಂಬ ಸಂತೋಷ ಮೈಯೆಲ್ಲ ಹರಿಯಿತು. ತಿರುಗಿದೆ, ಮತ್ತೆ ತಿರುಗಿದೆ, ರನ್‌ವೇ ಎದುರಿಗೆ ಬಂತು. ಚಕ್ರ ಒಂದು ಸಲ ಕುಪ್ಪಳಿಸಿ ನೆಲ ಹಿಡಿಯಿತು.

ಅಪ್ಪ ಮಾತಿಗೆ ತಪ್ಪಲಿಲ್ಲ. ಆ ಹಬ್ಬ ಕಳೆದ ಮೇಲೆ ಅವರು, ಅಮ್ಮ, ತಮ್ಮ ಗುಲ್ಬರ್ಗಕ್ಕೆ ಹೋದರು. ನಾನು, ಅಜ್ಜಿ ಆರ್.ಟಿ. ನಗರದಲ್ಲೇ ಉಳಿದೆವು. ಲೈಸೆನ್ಸು ಸಿಕ್ಕಿತು. ಆ ಮೈದಾನದಿಂದ ಕೆಲವು ವರ್ಷ ಹಾರಿದೆ, ಕೊನೆಗೆ ಬ್ಯಾಂಕಿನ ಕೆಲಸಕ್ಕೆ ಸೇರಿ ಹೊಟ್ಟೆ ಹೊರೆದುಕೊಂಡೆ. ಅದರ ಬಗ್ಗೆ ಬೇಸರವಿಲ್ಲ. ಆದರೆ ಆ ಬೆಳಿಗ್ಗೆ ಇಳಿದು ಬಂದ ಮೇಲೆ ನಡೆದದ್ದನ್ನು ಹೇಳದೆ ಮುಗಿಸಲಾರೆ.

ಸಾಹೇಬರು ಕೈ ಕುಲುಕಿದರು. ಮೆಕ್ಯಾನಿಕ್ಕುಗಳು ಚಪ್ಪಾಳೆ ತಟ್ಟಿದರು. ನಾನು ಹುಡುಕಿದ್ದು ಅಜ್ಜಿಯನ್ನು. ಎಲ್ಲರೂ ಮೈದಾನದ ಕಡೆ ಮುಖ ಮಾಡಿ ನಿಂತಿದ್ದರೆ ಅವಳು ಮಾತ್ರ ಹ್ಯಾಂಗರಿನ ತಗಡಿನ ಗೋಡೆಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ನಿಂತಿದ್ದಳು.

"ನೀವು ಮ್ಯಾಕ್ಕೆ ಓದಾಗಿಂದ ಇಂಗೇ ನಿಂತವ್ರೆ ಕಣಮ್ಮ" ಎಂದ ಮುನಿಯಪ್ಪ. "ಒಂದ್ಕಿತಾನೂ ತಿರುಗಿ ನೋಡ್ಲಿಲ್ಲ."

ಹತ್ತಿರ ಹೋದೆ. "ಅಜ್ಜಿ, ಇಷ್ಟು ದೂರ ಬಂದು ನಾನು ಹಾರಿದ್ದನ್ನ ನೋಡ್ಲೇ ಇಲ್ವಾ?"

"ಹೇಗೆ ನೋಡ್ಲೇ? ಅಷ್ಟು ಆಸೆ ಇಟ್ಕೊಂಡಿರೋ ಕಣ್ಣು ನಂದು. ಮೊದಲು ತಾಕೋದು ಅದೇ."

"ಮತ್ತೆ ಇಷ್ಟೊತ್ತು ಏನ್ಮಾಡ್ತಿದ್ದೆ?"

"ಸದ್ದು ಕೇಳಿಸ್ಕೊಳ್ತಿದ್ದೆ. ನೀನು ಮೇಲಿರೋವಾಗ ಆ ಸದ್ದು ನಿಲ್ಲದೇ ಇರ್ಲಿ ಅಂತ ಬೇಡ್ಕೊಂಡೆ. ಕೆಳಗೆ ಬಂದ್ಮೇಲೆ, ಬೇಗ ನಿಲ್ಲಲಿ ಅಂತ."

ಹಾಗೆಂದು ಗೋಡೆಯಿಂದ ನಿಧಾನವಾಗಿ ತಿರುಗಿದಳು. ತಗಡಿನ ಧೂಳು ಹತ್ತಿದ್ದ ಕೈಗಳನ್ನು ರೇಷ್ಮೆ ಸೀರೆಗೇ ಒರೆಸಿಕೊಂಡು ನನ್ನ ಮುಖವನ್ನು ಹಿಡಿದಳು.

"ಬಾ, ಈಗ ನೋಡ್ತೀನಿ" ಅಂದಳು.